ಬಯಲುಸೀಮೆಯಿಂದ ಅಂಡಮಾನಿಗೆ: ಮರಳುವ ದಿನದಿಂದಲೇ ಯೋಜನೆ ಆರಂಭಿಸಿ

ದಾವಣಗೆರೆಯ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸು ತಪ್ಪಿದರೆ ಯಾರೂ ಗಾಬರಿಯಾಗುವುದಿಲ್ಲ. ಒಂದು ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ. ಈ ಅಭ್ಯಾಸವನ್ನೇ ನಂಬಿಕೊಂಡು ನಮ್ಮ ಕಡೆಯ ಕುಟುಂಬಗಳು ಅಂಡಮಾನಿನ ಪ್ರವಾಸವನ್ನೂ ಯೋಜಿಸುತ್ತವೆ. ನಾಲ್ಕು ದಿನದಲ್ಲಿ ಎಂಟು ಜಾಗ, ಕೊನೆಯ ಬೆಳಿಗ್ಗೆ ಹಡಗು, ಅದೇ ಮಧ್ಯಾಹ್ನ ವಿಮಾನ. ಕಾಗದದ ಮೇಲೆ ಎಲ್ಲವೂ ಸರಿ ಕಾಣುತ್ತದೆ. ಆದರೆ ಗಾಳಿ ಜೋರಾಗಿ ಸಮುದ್ರ ಏರಿದರೆ ಅಂದಿನ ಹಡಗು ಹೊರಡುವುದಿಲ್ಲ, ವಿಮಾನವಂತೂ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟೇ: ದ್ವೀಪದ ಪ್ರವಾಸವನ್ನು ಮರಳುವ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ, ನಡುವೆ ಒಂದು ದಿನವನ್ನು ಖಾಲಿ ಬಿಡಿ. ಮುಂದಿನ ಹಂತಗಳೆಲ್ಲ ಇದನ್ನೇ ಆಧರಿಸಿವೆ.

ಯಾವ ದ್ವೀಪ?

ನಮ್ಮ ದೇಶದಲ್ಲೇ ಇರುವ ಎರಡು ದೊಡ್ಡ ಆಯ್ಕೆಗಳು ಲಕ್ಷದ್ವೀಪ ಮತ್ತು ಅಂಡಮಾನ್. ಲಕ್ಷದ್ವೀಪ ಅಪೂರ್ವ ಚೆಲುವಿನ ನಾಡು. ಅಲ್ಲಿನ 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ ಮಾತ್ರ. ಭಾರತೀಯರಿಗೂ ಅಲ್ಲಿ ಪ್ರವೇಶ ಪರವಾನಗಿ ಬೇಕು, ಪ್ರವಾಸಿಗರಿಗೆ ತೆರೆದಿರುವ ದ್ವೀಪಗಳು ಕೆಲವೇ, ಉಳಿದುಕೊಳ್ಳುವ ವ್ಯವಸ್ಥೆಯೂ ಮಿತವಾದದ್ದು. ಎರಡನೆಯ ಅಥವಾ ಮೂರನೆಯ ಪ್ರವಾಸಕ್ಕೆ ಅದು ಸೊಗಸು. ಮೊದಲ ಬಾರಿಗೆ ಕುಟುಂಬದೊಂದಿಗೆ ಹೊರಟವರಿಗೆ ನಾನು ಹಿಂಜರಿಯದೆ ಅಂಡಮಾನನ್ನೇ ಹೇಳುತ್ತೇನೆ. ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ಆಸ್ಪತ್ರೆ, ಬ್ಯಾಂಕು, ಎಲ್ಲ ದರದ ವಸತಿಗಳೂ ಅಲ್ಲಿವೆ.

ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ. ಹ್ಯಾವ್ಲಾಕ್ ಮತ್ತು ನೀಲ್ 2018ರ ಡಿಸೆಂಬರಿನಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆಗಿವೆ. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಆಗಿದೆ. ಟಿಕೆಟ್ ತಾಣಗಳಲ್ಲಿ ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸದು ಕಾಣುತ್ತದೆ. ಎರಡು ಬೇರೆ ಬೇರೆ ಊರುಗಳೆಂದು ತಿಳಿದು ಗೊಂದಲಕ್ಕೆ ಬೀಳಬೇಡಿ.

ಯಾವ ತಿಂಗಳು?

ಚಳ್ಳಕೆರೆ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಅಂಡಮಾನಿನಲ್ಲಿ ಅದು ಸುಮಾರು 3,000 ಮಿಲಿಮೀಟರ್. ಮೇ ನಡುಭಾಗದಿಂದ ನೈಋತ್ಯ ಮುಂಗಾರು ಸುರಿಯುತ್ತದೆ. ಅದು ಹಿಂದೆ ಸರಿದ ಮೇಲೆ ಹಿಂಗಾರು ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ಹೀಗಾಗಿ ದಸರಾ ರಜೆಯಲ್ಲಿ ಹೋಗೋಣ ಎನ್ನುವವರನ್ನು ನಾನು ತಡೆಯುತ್ತೇನೆ. ಶಾಲೆಗೆ ರಜೆ ಸಿಗುತ್ತದೆ, ಸಮುದ್ರ ಮಾತ್ರ ನಿಮಗೆ ಸಿಗದೇ ಹೋಗಬಹುದು.

ಒಳ್ಳೆಯ ಕಾಲ ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಇದರಲ್ಲೂ ನನ್ನ ಒಲವು ಜನವರಿ ನಡುಭಾಗದಿಂದ ಮಾರ್ಚ್ ನಡುಭಾಗದ ಕಡೆಗೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಎರಡು ವಾರ ವಿಮಾನ, ವಸತಿ, ಹಡಗು ಮೂರರ ದರವೂ ಗಗನಕ್ಕೇರಿರುತ್ತದೆ. ಅದು ಕಳೆದ ಮೇಲೆ ನೀರು ತಿಳಿಯಾಗುತ್ತಾ ಹೋಗುತ್ತದೆ, ಜನಸಂದಣಿ ಇಳಿಯುತ್ತದೆ. ನಮ್ಮ ರೈತರ ಲೆಕ್ಕಕ್ಕೂ ಇದು ಹೊಂದುತ್ತದೆ. ಮೆಕ್ಕೆಜೋಳ ಒಕ್ಕಣೆ ಮುಗಿದು ದುಡ್ಡು ಕೈಗೆ ಬಂದಿರುತ್ತದೆ, ಚನ್ನಗಿರಿ ಕಡೆಯ ಅಡಿಕೆ ಕೊಯ್ಲೂ ಕೊನೆಗೆ ಬಂದಿರುತ್ತದೆ. ಭದ್ರಾ ನಾಲೆಯ ಕೆಳಗೆ ಬೇಸಿಗೆ ಭತ್ತ ಹಾಕುವವರು ಮಾತ್ರ ನಾಟಿಯ ದಿನಗಳನ್ನು ನೋಡಿಕೊಂಡು ಹೊರಡಬೇಕು. ಮಕ್ಕಳ ಪರೀಕ್ಷೆಯ ಕಾರಣಕ್ಕೆ ಏಪ್ರಿಲ್ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವವರು ಧೈರ್ಯವಾಗಿ ಏಪ್ರಿಲ್‌ನಲ್ಲೇ ಹೋಗಿ. ಸೆಕೆ ಮತ್ತು ಬೆವರು ಹೆಚ್ಚು, ಆದರೆ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ.

ಕೇಂದ್ರ ಸರ್ಕಾರಿ ನೌಕರರು ತಿಂಗಳು ಗೊತ್ತು ಮಾಡುವ ಮೊದಲು ಕಚೇರಿಯಲ್ಲಿ ಎಲ್‌ಟಿಸಿ (ರಜೆ ಪ್ರಯಾಣದ ರಿಯಾಯಿತಿ) ವಿಚಾರಿಸಲಿ. ಅಂಡಮಾನಿಗೆ ವಿಮಾನದಲ್ಲಿ ಹೋಗುವ ವಿಶೇಷ ಅವಕಾಶವನ್ನು ಸರ್ಕಾರ ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿದೆ.

ದಿನಗಳನ್ನು ಹಿಂದಕ್ಕೆ ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನ ಸಾಲಿನಲ್ಲಿ ಮರಳುವ ವಿಮಾನವನ್ನು ಬರೆಯಿರಿ. ಅದರ ಮೇಲಿನ ಸಾಲಿನಲ್ಲಿ "ಶ್ರೀ ವಿಜಯಪುರಂನಲ್ಲೇ ರಾತ್ರಿ" ಎಂದು ಬರೆದು ಕೆಳಗೆ ಗೆರೆ ಎಳೆಯಿರಿ. ಈ ಸಾಲನ್ನು ಯಾವ ಪ್ಯಾಕೇಜಿನವರು ಹೇಳಿದರೂ ಬದಲಿಸಬೇಡಿ. ಸಾಧ್ಯವಾದರೆ ಹೊರಗಿನ ದ್ವೀಪದಿಂದ ಹಿಂದಿರುಗುವುದಕ್ಕೂ ವಿಮಾನಕ್ಕೂ ನಡುವೆ ಒಂದು ಇಡೀ ದಿನ ಇರಲಿ. ಅದೇ ನಾನು ಹೇಳಿದ ಖಾಲಿ ದಿನ. ಹಡಗು ರದ್ದಾದರೆ ಅದು ನಿಮ್ಮನ್ನು ಕಾಪಾಡುತ್ತದೆ. ರದ್ದಾಗದಿದ್ದರೆ ಆ ದಿನ ನಗರದ ಎದುರಿಗೇ ಇರುವ ರಾಸ್ ದ್ವೀಪಕ್ಕೆ ಹೋಗಿಬನ್ನಿ. ಈಗ ಅದರ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಅಲ್ಲಿನ ಕಟ್ಟಡಗಳ ಗೋಡೆಗಳನ್ನು ಈಗ ಆಲದ ಜಾತಿಯ ಮರಗಳ ಬೇರುಗಳು ಇಡಿಯಾಗಿ ಅಪ್ಪಿಕೊಂಡಿವೆ. ಇಟ್ಟಿಗೆ ಎಲ್ಲಿ ಮುಗಿಯಿತು, ಬೇರು ಎಲ್ಲಿ ಮೊದಲಾಯಿತು ಎಂದು ಹತ್ತಿರ ನಿಂತು ನೋಡಿದರೂ ತಿಳಿಯುವುದಿಲ್ಲ. ನಡುವೆ ಜಿಂಕೆಗಳು ನಿರ್ಭಯವಾಗಿ ಓಡಾಡುತ್ತಿರುತ್ತವೆ.

ಹೀಗೆ ಹಿಂದಕ್ಕೆ ಬಂದರೆ ಆರು ರಾತ್ರಿಗಳ ಪ್ರವಾಸ ತಾನಾಗಿಯೇ ರೂಪುಗೊಳ್ಳುತ್ತದೆ. ಇಳಿದ ದಿನ ನಗರ ಮತ್ತು ಸೆಲ್ಯುಲರ್ ಜೈಲು. ಮರುದಿನ ಬೆಳಿಗ್ಗೆ ಸ್ವರಾಜ್ ದ್ವೀಪಕ್ಕೆ ಹಡಗು, ಅಲ್ಲಿ ಎರಡು ರಾತ್ರಿ. ನಂತರ ಶಹೀದ್ ದ್ವೀಪದಲ್ಲಿ ಒಂದು ರಾತ್ರಿ. ಆಮೇಲೆ ನಗರಕ್ಕೆ ಮರಳಿ ಎರಡು ರಾತ್ರಿ. ಇದಕ್ಕಿಂತ ಕಡಿಮೆ ದಿನಗಳಿದ್ದರೆ ಶಹೀದ್ ದ್ವೀಪವನ್ನು ಬಿಡಿ, ಖಾಲಿ ದಿನವನ್ನು ಬಿಡಬೇಡಿ.

ಇನ್ನೊಂದು ಲೆಕ್ಕ ಗಡಿಯಾರದ್ದು. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದ್ದರೂ ಅಲ್ಲಿನ ಗಡಿಯಾರ ನಮ್ಮದೇ. ಹೀಗಾಗಿ ದಾವಣಗೆರೆಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಅಲ್ಲಿ ಬೆಳಗಾಗುತ್ತದೆ, ಮೊದಲೇ ಕತ್ತಲೂ ಆಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟ ಮಾಡಿ, ಒಂದು ನಿದ್ದೆ ತೆಗೆದು, ಐದು ಗಂಟೆಗೆ ಕಡಲ ದಂಡೆಗೆ ಹೊರಟರೆ ಕತ್ತಲನ್ನಷ್ಟೇ ನೋಡಿ ಬರಬೇಕಾಗುತ್ತದೆ. ಬೆಳಿಗ್ಗೆ ಐದಕ್ಕೆ ಏಳಿ, ಮಧ್ಯಾಹ್ನ ಎರಡಕ್ಕೆಲ್ಲ ಊಟ ಮುಗಿಸಿ, ನಾಲ್ಕರೊಳಗೆ ದಂಡೆಯಲ್ಲಿರಿ.

ಊರಿನಿಂದ ವಿಮಾನ ನಿಲ್ದಾಣಕ್ಕೆ

ಬೆಂಗಳೂರಿನಿಂದ ನೇರ ವಿಮಾನಗಳಿವೆ, ಸುಮಾರು ಎರಡೂವರೆ ಗಂಟೆಯ ಹಾರಾಟ. ಚೆನ್ನೈ ಮಾರ್ಗವಾಗಿಯೂ ಹೋಗಬಹುದು. ಅಂಡಮಾನಿನ ವಿಮಾನಗಳಲ್ಲಿ ಹೆಚ್ಚಿನವು ಬೆಳಗಿನಿಂದ ಮಧ್ಯಾಹ್ನದೊಳಗೇ ಇರುವುದರಿಂದ ನೀವು ನಸುಕಿನಲ್ಲೇ ದೇವನಹಳ್ಳಿ ತಲುಪಿರಬೇಕು. ರಾತ್ರಿ ರೈಲಿನಲ್ಲಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದು ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಓಡುವ ಯೋಜನೆಯನ್ನು ಕೈಬಿಡಿ. ರೈಲು ಒಂದು ಗಂಟೆ ತಡವಾದರೆ ಇಡೀ ಪ್ರವಾಸವೇ ಕುಸಿಯುತ್ತದೆ. ಹಿಂದಿನ ಮಧ್ಯಾಹ್ನವೇ ವಂದೇ ಭಾರತ್ ರೈಲಿನಲ್ಲೋ ಬಸ್ಸಿನಲ್ಲೋ ಹೊರಟು, ವಿಮಾನ ನಿಲ್ದಾಣದ ಹತ್ತಿರ ರಾತ್ರಿ ತಂಗುವುದು ಒಳ್ಳೆಯದು.

ಕಾರು ಅಥವಾ ಬಾಡಿಗೆ ವಾಹನದಲ್ಲಿ ಹೋಗುವವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಸಿರಾ, ತುಮಕೂರು ದಾಟಿ ದಾಬಸ್‌ಪೇಟೆಗೆ ಬಂದಾಗ ಎಡಕ್ಕೆ ಹೊರಳಿ. ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿಗೆ ಹೋಗುವ ಅಗಲವಾದ ರಸ್ತೆ ಈಗ ಇದೆ. ಬೆಂಗಳೂರು ನಗರದ ವಾಹನ ದಟ್ಟಣೆಯನ್ನು ಪೂರ್ತಿಯಾಗಿ ತಪ್ಪಿಸುವ ದಾರಿ ಇದು. ಚಿತ್ರದುರ್ಗದವರಿಗೂ ಇದೇ ಅನುಕೂಲ. ಆದರೆ ಇಡೀ ರಾತ್ರಿ ಮನೆಯವರೇ ಕಾರು ಓಡಿಸಿಕೊಂಡು ಹೋಗುವುದು ಬೇಡ. ಪ್ರವಾಸದ ಸಂಭ್ರಮದಲ್ಲಿ ಹಿಂದಿನ ರಾತ್ರಿಯೂ ಯಾರೂ ಸರಿಯಾಗಿ ಮಲಗಿರುವುದಿಲ್ಲ.

ಚೆನ್ನೈಯಿಂದ ಪ್ರಯಾಣಿಕರ ಹಡಗೂ ಇದೆ, ಸುಮಾರು ಮೂರು ದಿನದ ಪಯಣ. ಸಮಯವಿದ್ದು, ಸಮುದ್ರವನ್ನೇ ಅನುಭವಿಸಬೇಕೆಂಬ ಹಂಬಲವಿರುವ ಗಟ್ಟಿ ಯುವಕರಿಗೆ ಅದು ಸರಿ. ಹಿರಿಯರು, ಮಕ್ಕಳು ಜೊತೆಗಿದ್ದರೆ ಬೇಡ.

ದ್ವೀಪದಿಂದ ದ್ವೀಪಕ್ಕೆ

ವಿಮಾನದ ಟಿಕೆಟ್ ಆದ ಕೂಡಲೇ ಮಾಡಬೇಕಾದ ಕೆಲಸ ಹಡಗಿನ ಟಿಕೆಟ್. ವಸತಿ ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಕೊಠಡಿ ಎಲ್ಲಾದರೂ ಸಿಕ್ಕೀತು, ಬೇಕಾದ ದಿನದ ಬೆಳಗಿನ ಹಡಗಿನಲ್ಲಿ ಐದು ಆಸನ ಒಟ್ಟಿಗೆ ಸಿಗುವುದು ಕಷ್ಟ. ಖಾಸಗಿ ವೇಗದ ಹಡಗುಗಳ ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಸ್ವರಾಜ್ ದ್ವೀಪಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಸರ್ಕಾರಿ ಹಡಗು ಅಗ್ಗ ಮತ್ತು ನಿಧಾನ. ಅದು ದ್ವೀಪವಾಸಿಗಳ ಜೀವನಾಡಿ. ಆಸ್ಪತ್ರೆಗೆ, ಕಚೇರಿಗೆ, ಮದುವೆಗೆ ಅವರು ಹೋಗಿಬರುವುದು ಅದರಲ್ಲೇ. ಆದ್ಯತೆಯೂ ಅವರದ್ದೇ, ಅದು ನ್ಯಾಯವೂ ಹೌದು.

ಟಿಕೆಟಿನಲ್ಲಿ ಯಾವ ಜೆಟ್ಟಿ (ಹಡಗು ಹತ್ತುವ ಕಟ್ಟೆ) ಎಂದು ಬರೆದಿದೆ ಎಂಬುದನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ನಗರದಲ್ಲಿ ಒಂದಕ್ಕಿಂತ ಹೆಚ್ಚು ಜೆಟ್ಟಿಗಳಿವೆ. ಒಂದು ಗಂಟೆ ಮೊದಲೇ ಹೋಗಿ, ಪ್ರತಿಯೊಬ್ಬರ ಮೂಲ ಗುರುತಿನ ಚೀಟಿ ಕೈಯಲ್ಲಿರಲಿ, ಮಕ್ಕಳದ್ದೂ ಸೇರಿ.

ಸಮುದ್ರದ ಹೊಯ್ದಾಟಕ್ಕೆ ವಾಂತಿ ಬರುವುದು ನಮ್ಮಂಥ ಒಳನಾಡಿನವರಿಗೆ ಸಾಮಾನ್ಯ. ವೇಗದ ಹಡಗುಗಳಲ್ಲಿ ಕಿಟಕಿ ತೆರೆಯುವಂತಿಲ್ಲ, ಹವಾನಿಯಂತ್ರಿತ ಕೋಣೆಯಲ್ಲೇ ಕೂತಿರಬೇಕು. ಹಡಗು ಕಡಿಮೆ ತೂಗುವುದು ಕೆಳ ಅಂತಸ್ತಿನ ನಡುಭಾಗದಲ್ಲಿ, ಆಸನ ಅಲ್ಲೇ ಕೇಳಿ. ವೈದ್ಯರು ಹೇಳಿದ ಮಾತ್ರೆಯನ್ನು ಹಡಗು ಹತ್ತುವ ಮುನ್ನವೇ ನುಂಗಬೇಕು. ಹೊಟ್ಟೆ ತೊಳೆಸಲು ಆರಂಭವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಮೊಬೈಲ್ ನೋಡದೆ, ದೂರದ ಬಾನಂಚಿನ ಗೆರೆಯನ್ನು ನೋಡುತ್ತಾ ಕುಳಿತುಕೊಳ್ಳಿ.

ಸಮುದ್ರ ನಿಮ್ಮ ಮನೆಯವರಿಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯಲು ಒಂದು ಒಳ್ಳೆಯ ಉಪಾಯವಿದೆ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿಯ ದಾರಿಯಲ್ಲಿ ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಒಮ್ಮೆ ಹೋಗಿಬನ್ನಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಭಾರತದ ಭೂಭಾಗದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದ ಲಾವಾರಸ ಅಲ್ಲಿ ಕಂಬ ಕಂಬಗಳಾಗಿ ಹೆಪ್ಪುಗಟ್ಟಿ ನಿಂತಿದೆ, ಅದನ್ನು ನೋಡುವುದಕ್ಕಾಗಿಯೇ ಹೋದರೂ ನಷ್ಟವಿಲ್ಲ.

ನೀರಿಗಿಳಿಯುವ ಮುನ್ನ

ಅಂಡಮಾನಿಗೆ ಹೋಗಿ ನೀರಿನೊಳಗೆ ಮುಖ ಇಡದೆ ಬರುವುದು ದೊಡ್ಡ ನಷ್ಟ. ಈಜು ಬರದವರೂ ಜೀವರಕ್ಷಕ ಕವಚ ತೊಟ್ಟು, ತರಬೇತಾದ ಮಾರ್ಗದರ್ಶಕರ ಜೊತೆ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚಿನಲ್ಲಿ ಹವಳಗಳನ್ನು ನೋಡಬಹುದು. ಕಷ್ಟವಿರುವುದು ಉಸಿರಾಟದಲ್ಲಿ. ಮುಖವಾಡ ಮೂಗನ್ನು ಮುಚ್ಚುತ್ತದೆ, ಬಾಯಿಯ ಕೊಳವೆಯಿಂದಲೇ ಉಸಿರಾಡಬೇಕು. ಜೀವನವಿಡೀ ಮೂಗಿನಿಂದ ಉಸಿರಾಡಿದ ದೇಹ ಮೊದಲ ನಿಮಿಷ ಬೆದರುತ್ತದೆ. ಅದಕ್ಕೆ ಊರಿನ ಈಜುಕೊಳದಲ್ಲೇ ಎರಡು ಭಾನುವಾರ ಅಭ್ಯಾಸ ಮಾಡಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ, ಬಾಯಿಯಿಂದ ನಿಧಾನವಾಗಿ ಎಳೆದು ನಿಧಾನವಾಗಿ ಬಿಡಿ. ಮುಖವಾಡದ ರಬ್ಬರಿನ ಅಂಚಿಗೆ ಒಂದು ಎಳೆ ಕೂದಲು ಸಿಕ್ಕಿದರೂ ನೀರು ಒಳಗೆ ಜಿನುಗುತ್ತದೆ. ದಪ್ಪ ಮೀಸೆಯವರಿಗೆ ಇದೇ ತೊಂದರೆ. ಮೂಗಿನ ಕೆಳಗೆ ಸ್ವಲ್ಪ ಕತ್ತರಿಸಿದರೆ ಅಥವಾ ವ್ಯಾಸಲೀನ್ ಸವರಿದರೆ ಸರಿಹೋಗುತ್ತದೆ. ಗಾಜಿನ ಒಳಮೈಗೆ ಉಗುಳು ಹಚ್ಚಿ ತೊಳೆದರೆ ಮಂಜು ಕಟ್ಟುವುದಿಲ್ಲ.

ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಮಾಡುವ ಆಸೆಯಿದ್ದರೆ ಎರಡು ನಿಯಮಗಳನ್ನು ಸಡಿಲಿಸಬೇಡಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಆದವರು ಊರಿನಲ್ಲೇ ವೈದ್ಯರನ್ನು ಕಂಡು ಒಪ್ಪಿಗೆ ಪಡೆಯಿರಿ, ಅಲ್ಲಿ ತುಂಬಿಸುವ ಆರೋಗ್ಯದ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಎರಡನೆಯದು, ಡೈವಿಂಗಿಗೂ ವಿಮಾನಕ್ಕೂ ನಡುವೆ ಒಂದು ಇಡೀ ದಿನ ಇರಲಿ. ಆಳದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹಾರಿದರೆ ಒತ್ತಡ ಇಳಿದು ಅದು ಗುಳ್ಳೆಗಳಾಗಿ ಅಪಾಯ ತರುತ್ತದೆ. ಈ ಕಾರಣಕ್ಕೂ ಡೈವಿಂಗ್ ಪ್ರವಾಸದ ಮೊದಲ ಭಾಗದಲ್ಲಿರಬೇಕು, ಖಾಲಿ ದಿನ ಕೊನೆಯಲ್ಲಿರಬೇಕು.

ಹವಳದ ಮೇಲೆ ಕಾಲಿಡಬೇಡಿ. ಕಲ್ಲಿನಂತೆ ಕಂಡರೂ ಅದು ಜೀವಂತ ಪ್ರಾಣಿಗಳ ವಸಾಹತು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಕೊಂಬೆ ಒಂದು ಹೆಜ್ಜೆಗೆ ಮುರಿಯುತ್ತದೆ. ಕೆಂಪು ಬಾವುಟ ಹಾರಿಸಿದ ಕಡೆ, ಮೊಸಳೆಯ ಎಚ್ಚರಿಕೆ ಫಲಕ ಇರುವ ಕಡೆ ನೀರಿಗೆ ಇಳಿಯಲೇಬೇಡಿ. ಉಪ್ಪುನೀರಿನ ಮೊಸಳೆಗಳು ಅಲ್ಲಿ ನಿಜವಾಗಿಯೂ ಇವೆ. 2010ರಲ್ಲಿ ಸ್ವರಾಜ್ ದ್ವೀಪದ ರಾಧಾನಗರ ಬೀಚಿನ ಪಕ್ಕದ ಖಾರಿಯಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು.

ಇಷ್ಟು ಹೇಳಿದ ಮೇಲೂ ರಾಧಾನಗರವನ್ನು ತಪ್ಪಿಸಬೇಡಿ ಎಂದೇ ಹೇಳುತ್ತೇನೆ. ಪಶ್ಚಿಮಕ್ಕೆ ತೆರೆದ ದಂಡೆ ಅದು, ಬೆನ್ನ ಹಿಂದೆಯೇ ಎತ್ತರದ ಕಾಡು. ಅಲೆ ಹಿಂದೆ ಸರಿದ ಕ್ಷಣದಲ್ಲಿ ಒದ್ದೆ ಮರಳು ಕನ್ನಡಿಯಾಗಿ ಇಡೀ ಆಕಾಶವನ್ನು ತೋರಿಸುತ್ತದೆ, ಮರುಕ್ಷಣ ನೀರು ಇಂಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಶಹೀದ್ ದ್ವೀಪದಲ್ಲಿ ಉಬ್ಬರ ಇಳಿತದ ವೇಳೆಯನ್ನು ವಸತಿಗೃಹದವರಲ್ಲಿ ಕೇಳಿಕೊಳ್ಳಿ. ಅಲ್ಲಿನ ಪ್ರಕೃತಿದತ್ತ ಕಲ್ಲುಸೇತುವೆಯ ಬಳಿಗೆ ಇಳಿತದಲ್ಲಿ ಮಾತ್ರ ಹೋಗಬಹುದು. ಆಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆ ಕಾಣುತ್ತವೆ. ವೇಳೆ ದಿನವೂ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಹಿಂದಿನ ವಾರ ಹೋಗಿಬಂದವರ ಮಾತು ನಿಮಗೆ ಹೊಂದುವುದಿಲ್ಲ. ಬಂಡೆಗಳು ಜಾರುತ್ತವೆ. ಚಿತ್ರದುರ್ಗದ ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಯವರೆಗೆ ಮೊಣಕಾಲು ನೋಯದೆ ಹತ್ತುವ ಹಿರಿಯರು ಇಲ್ಲಿಗೂ ಬರಬಹುದು, ಉಳಿದವರು ದಂಡೆಯಲ್ಲೇ ಕೂರಲಿ.

ಸೆಲ್ಯುಲರ್ ಜೈಲಿಗೆ ಅರ್ಧ ದಿನ ಕೊಡಿ

1896ರಿಂದ 1906ರವರೆಗೆ ಕಟ್ಟಿದ ಈ ಜೈಲಿಗೆ ನಡುಗೋಪುರದಿಂದ ಹೊರಟ ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ಎದುರಾಗಿರುವಂತೆ ಕಟ್ಟಲಾಗಿದೆ. ಒಬ್ಬ ಕೈದಿ ಇನ್ನೊಬ್ಬನ ಮುಖವನ್ನೂ ನೋಡಬಾರದೆಂಬ ಕ್ರೂರ ಉದ್ದೇಶ ಅದರ ಹಿಂದಿತ್ತು. ಉಪವಾಸ ಮುಷ್ಕರ ಹೂಡಿದ ಕ್ರಾಂತಿಕಾರಿ ಮಹಾವೀರ ಸಿಂಗ್ 1933ರಲ್ಲಿ ಬಲವಂತವಾಗಿ ಆಹಾರ ತುಂಬಿಸುವಾಗ ಇಲ್ಲೇ ಪ್ರಾಣಬಿಟ್ಟರು. ಮಕ್ಕಳಿಗೆ ಇದನ್ನು ಹೋಗುವ ಮೊದಲೇ ಹೇಳಿರಿ. ಹೇಳದಿದ್ದರೆ ಅವರಿಗೆ ಅದು ಇಟ್ಟಿಗೆಯ ಹಳೆಯ ಕಟ್ಟಡ ಮಾತ್ರ. ಒಂದು ಕೋಣೆಯೊಳಗೆ ನಿಂತು ಮೇಲಿನ ಸಣ್ಣ ಕಿಂಡಿಯನ್ನು ನೋಡಿ: ಬೆಳಕು ಬರುತ್ತದೆ, ಸಮುದ್ರ ಕಾಣುವುದಿಲ್ಲ. ಸಂಜೆಯ ಧ್ವನಿ ಬೆಳಕಿನ ಪ್ರದರ್ಶನಕ್ಕೆ ಮುಂಚಿತವಾಗಿ ಟಿಕೆಟ್ ಪಡೆಯಿರಿ.

ಜಾರವಾ ಜನರ ನೆಲದ ಬಗ್ಗೆ

ನಗರದ ಉತ್ತರಕ್ಕಿರುವ ಬಾರಾತಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ರಸ್ತೆ ಜಾರವಾ ಸಮುದಾಯದ ಮೀಸಲು ಅರಣ್ಯವನ್ನು ಸೀಳಿಕೊಂಡು ಹೋಗುತ್ತದೆ. ನಿಗದಿತ ವೇಳೆಗೆ ವಾಹನಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಮೊದಲ ಸಾಲು ಹಿಡಿಯಲು ನಗರದಿಂದ ನಸುಕಿನ ಮೂರು ನಾಲ್ಕು ಗಂಟೆಗೇ ಹೊರಡಬೇಕು. ದಾರಿಯಲ್ಲಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಅಪರಾಧ. ಕೆಲವು ಏಜೆಂಟರು "ಅದೃಷ್ಟವಿದ್ದರೆ ಕಾಡುಜನ ಕಾಣುತ್ತಾರೆ" ಎಂದು ಆಸೆ ಹುಟ್ಟಿಸುತ್ತಾರೆ. ಅಂಥ ಮಾತು ಕೇಳಿದ ಕೂಡಲೇ ಆ ಏಜೆಂಟರನ್ನು ಬಿಟ್ಟುಬಿಡಿ. ಸಾವಿರಾರು ವರ್ಷಗಳಿಂದ ಆ ಕಾಡಿನಲ್ಲಿ ಬದುಕಿದ ಜನರ ಮನೆಯಂಗಳ ಅದು. ನಮ್ಮ ಸಾಮಾನ್ಯ ನೆಗಡಿ, ದಡಾರವೂ ಅವರಿಗೆ ಮಾರಕವಾಗಬಲ್ಲದು. ನನ್ನನ್ನು ಕೇಳಿದರೆ ಮೊದಲ ಪ್ರವಾಸದಲ್ಲಿ ಬಾರಾತಾಂಗ್ ಬೇಡ. ಆ ದಿನವನ್ನು ನಗರದ ದಕ್ಷಿಣಕ್ಕಿರುವ ಚಿಡಿಯಾ ಟಾಪುವಿನ ಕಾಡು ಮತ್ತು ಕಡಲಿಗೆ ಕೊಡಿ.

ಚೀಲ, ಊಟ, ಹಣ

ಸಸ್ಯಾಹಾರಿಗಳು ಹೆದರಬೇಕಿಲ್ಲ. ತಮಿಳು, ತೆಲುಗು, ಬಂಗಾಳಿ ಕುಟುಂಬಗಳು ಅಲ್ಲಿ ನೆಲೆಸಿರುವುದರಿಂದ ನಗರದಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಸುಲಭವಾಗಿ ಸಿಗುತ್ತವೆ. ಬೆಣ್ಣೆ ದೋಸೆ ಸಿಗುತ್ತದೆಂದು ಮಾತ್ರ ಎದುರುನೋಡಬೇಡಿ. ಹೊರಗಿನ ದ್ವೀಪಗಳಲ್ಲಿ ಆಯ್ಕೆ ಕಡಿಮೆ, ದರ ಹೆಚ್ಚು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಖಾರ ಮಂಡಕ್ಕಿ ಒಯ್ದರೆ ಹಡಗಿನ ದಿನಗಳು ಸಲೀಸು. ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ತೂಕಕ್ಕೆ ಹಾಕುವ ಚೀಲದಲ್ಲಿರಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಹತ್ತಿಯ ತೆಳು ಬಟ್ಟೆ, ತೋಳು ಮುಚ್ಚುವ ಅಂಗಿ, ಟೋಪಿ, ಬೇಗ ಒಣಗುವ ಒಂದು ಜೊತೆ ಬಟ್ಟೆ, ಹಿಡಿತವಿರುವ ರಬ್ಬರ್ ಚಪ್ಪಲಿ. ಮರಳುನೊಣಗಳ ಕಡಿತ ಕೆಲವರಿಗೆ ದಿನಗಟ್ಟಲೆ ತುರಿಸುತ್ತದೆ, ಮುಲಾಮು ಜೊತೆಗಿರಲಿ. ದಿನವೂ ನುಂಗುವ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚುವರಿಯಾಗಿ ಒಯ್ಯಿರಿ, ಹಡಗು ನಿಂತರೆ ಬೇಕಾಗುತ್ತವೆ.

ಚೆನ್ನೈಯಿಂದ ಸಮುದ್ರದಡಿಯಲ್ಲಿ ಎಳೆದ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲ್ 2020ರಲ್ಲಿ ಚಾಲನೆಗೊಂಡ ಮೇಲೆ ಇಂಟರ್‌ನೆಟ್ ಬಹಳ ಸುಧಾರಿಸಿದೆ. ಆದರೂ ಹೊರದ್ವೀಪಗಳಲ್ಲಿ ಸಂಪರ್ಕ ಆಗಾಗ ಕೈಕೊಡುತ್ತದೆ, ಆಗ ಫೋನ್ ಮೂಲಕ ಹಣ ಪಾವತಿ ನಡೆಯುವುದಿಲ್ಲ, ಎಟಿಎಂಗಳೂ ಕೆಲವೇ. ಮೂರು ದಿನದ ಊಟ, ಆಟೊ, ದೋಣಿಗೆ ಸಾಕಾಗುವ ನಗದು ನಗರದಲ್ಲೇ ತೆಗೆದುಕೊಳ್ಳಿ. ಎಲ್ಲ ಟಿಕೆಟುಗಳ ಮುದ್ರಿತ ಪ್ರತಿ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿರಲಿ.

ಮರಳುವ ಹಿಂದಿನ ರಾತ್ರಿ

ಚೀಲ ಕಟ್ಟುವಾಗ ಮಕ್ಕಳ ಜೇಬುಗಳನ್ನು ನೋಡಿ. ದಂಡೆಯಲ್ಲಿ ಆಯ್ದ ಹವಳದ ತುಂಡು, ಚಿಪ್ಪು ಅಲ್ಲಿ ಖಂಡಿತ ಸಿಗುತ್ತವೆ. ಹವಳಗಳಿಗೂ ಹಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸತ್ತ ಹವಳವಾದರೂ ಸಾಗಿಸುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪ್ರಕರಣವಾಗುತ್ತದೆ. ಖಾಲಿ ಚಿಪ್ಪೊಳಗೆ ಸನ್ಯಾಸಿ ಏಡಿಗಳು ಮನೆ ಮಾಡುತ್ತವೆ ಎಂದು ಹೇಳಿದರೆ ಮಕ್ಕಳು ತಾವಾಗಿಯೇ ದಂಡೆಯಲ್ಲಿ ಬಿಟ್ಟುಬರುತ್ತಾರೆ. ನೆನಪಿಗೆ ಏನಾದರೂ ಬೇಕಿದ್ದರೆ ನಗರದ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ಮರದ ಮತ್ತು ತೆಂಗಿನ ಚಿಪ್ಪಿನ ಕುಸುರಿ ವಸ್ತುಗಳಿವೆ. ಅನುಮತಿ ಇರುವ ಚಿಪ್ಪಿನ ವಸ್ತು ಕೊಂಡರೆ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು ತಪಾಸಣೆಯಲ್ಲಿ ತೋರಿಸಿ. ಬೆಂಗಳೂರಿನಿಂದ ಊರಿಗೆ ಬರುವ ಬಸ್ಸನ್ನು ವಿಮಾನ ಇಳಿಯುವ ವೇಳೆಗಿಂತ ಕನಿಷ್ಠ ಐದು ಗಂಟೆ ತಡವಾಗಿ ಕಾಯ್ದಿರಿಸಿ.